ಫುಲ್ ಟವರ್: ನೆಲಕ್ಕಿಳಿದ ಕಂಪ್ಯೂಟರ್ ಪೆಟ್ಟಿಗೆಯ ಚರಿತ್ರೆ

ನೆಲದ ಮೇಲೆ ನೆಟ್ಟಗೆ ನಿಲ್ಲುವ ಕಂಪ್ಯೂಟರ್ ಕ್ಯಾಬಿನೆಟ್‌ಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಫುಲ್ ಟವರ್ ಎನ್ನುತ್ತಾರೆ. ಅದರ ಎತ್ತರ ಸಾಮಾನ್ಯವಾಗಿ 55ರಿಂದ 75 ಸೆಂಟಿಮೀಟರ್. ಅದಕ್ಕಿಂತ ಚಿಕ್ಕದು ಮಿಡ್ ಟವರ್, ಇನ್ನೂ ಚಿಕ್ಕದು ಮಿನಿ ಟವರ್. ಈ ಮೂರು ಹೆಸರುಗಳು ವ್ಯಾಪಾರದಲ್ಲಿ ಹುಟ್ಟಿದವು. ಒಬ್ಬ ತಯಾರಕ ಫುಲ್ ಟವರ್ ಎಂದು ಮಾರುವುದನ್ನು ಇನ್ನೊಬ್ಬ ಮಿಡ್ ಟವರ್ ಎಂದು ಮಾರಬಹುದು. ಪೆಟ್ಟಿಗೆಯ ಒಳಗಿನ ಅಳತೆಗಳ ವಿಷಯ ಹಾಗಲ್ಲ. ಮದರ್‌ಬೋರ್ಡ್ ಕೂರುವ ಸ್ಕ್ರೂ ತೂತುಗಳ ಅಂತರ, ಕಾರ್ಡ್ ಸಿಕ್ಕಿಸುವ ಒಂದು ಸ್ಲಾಟಿನಿಂದ ಮತ್ತೊಂದಕ್ಕೆ ಇರುವ ದೂರ, ಡ್ರೈವ್ ಖಾನೆಯ ಅಗಲ, ಎಸ್‌ಎಂಪಿಎಸ್ ಅಂದರೆ ವಿದ್ಯುತ್ ಘಟಕ ಕೂರುವ ಜಾಗ ಇವೆಲ್ಲ ಮಿಲಿಮೀಟರ್ ಲೆಕ್ಕದಲ್ಲಿ ನಿಗದಿಯಾಗಿವೆ.

ಕ್ಯಾಬಿನೆಟ್ ಮಾಡಬೇಕಾದ ಕೆಲಸಗಳು ನಾಲ್ಕು. ಬಿಡಿಭಾಗಗಳನ್ನು ಅಲುಗದಂತೆ ಹಿಡಿದಿಡಬೇಕು. ಅವುಗಳ ಶಾಖವನ್ನು ಹೊರಗೆ ಕಳಿಸಬೇಕು. ಒಳಗೆ ಹುಟ್ಟುವ ರೇಡಿಯೋ ತರಂಗಗಳು ಪಕ್ಕದ ಟಿ.ವಿ., ರೇಡಿಯೋಗಳಿಗೆ ತೊಂದರೆ ಕೊಡದಂತೆ ತಡೆಯಬೇಕು. ಬೇಕೆಂದಾಗ ಬಿಚ್ಚಿ, ಭಾಗ ಬದಲಿಸಿ, ಮತ್ತೆ ಮುಚ್ಚಲು ಅನುವು ಮಾಡಿಕೊಡಬೇಕು. ಕಳೆದ ನಾಲ್ಕು ದಶಕಗಳಲ್ಲಿ ಈ ಕೆಲಸಗಳು ಬದಲಾಗಿಲ್ಲ. ಪೆಟ್ಟಿಗೆಯೊಳಗಿನ ಜಾಗವನ್ನು ಯಾವುದು ಕೇಳುತ್ತದೆ ಎಂಬುದು ಮಾತ್ರ ಬದಲಾಗುತ್ತ ಬಂದಿದೆ. ಮೊದಲು ಡಿಸ್ಕುಗಳು ಕೇಳಿದವು, ಆಮೇಲೆ ಗಾಳಿ ಕೇಳಿತು, ಈಗ ನೀರಿನ ರೇಡಿಯೇಟರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಕೇಳುತ್ತಿವೆ. ಫುಲ್ ಟವರಿನ ಚರಿತ್ರೆ ಎಂದರೆ ಈ ಜಾಗದ ಹಂಚಿಕೆಯ ಚರಿತ್ರೆ.

ಮಲಗಿದ್ದ ಪೆಟ್ಟಿಗೆ ಎದ್ದು ನಿಂತದ್ದು

ಐಬಿಎಂ ಕಂಪನಿ 1981ರ ಆಗಸ್ಟ್‌ನಲ್ಲಿ ಹೊರತಂದ ಮೊದಲ ಪಿಸಿ, ಅಂದರೆ 5150 ಮಾದರಿ, ಮೇಜಿನ ಮೇಲೆ ಮಲಗುವ ಉಕ್ಕಿನ ಪೆಟ್ಟಿಗೆಯಾಗಿತ್ತು. ಅಗಲ ಸುಮಾರು 50 ಸೆಂಟಿಮೀಟರ್, ಎತ್ತರ 14 ಸೆಂಟಿಮೀಟರ್. ಮಾನಿಟರ್ ಅದರ ತಲೆಯ ಮೇಲೆ ಕೂರುತ್ತಿತ್ತು. ಒಳಗೆ 5 ಸ್ಲಾಟ್, ಎರಡು ಫ್ಲಾಪಿ ಡ್ರೈವ್‌ಗಳಿಗೆ ಜಾಗ, 63.5 ವ್ಯಾಟ್‌ನ ವಿದ್ಯುತ್ ಘಟಕ. ಉಕ್ಕಿನ ತಗಡನ್ನೇ ಬಳಸಲು ಗಟ್ಟಿತನದ ಜೊತೆಗೆ ಇನ್ನೊಂದು ಕಾರಣವಿತ್ತು. ಅಮೆರಿಕದ ಸಂಪರ್ಕ ಆಯೋಗ 1979ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ, ಮನೆಗಳಿಗೆ ಹೋಗುವ ಕಂಪ್ಯೂಟರ್ ಹೊರಸೂಸುವ ರೇಡಿಯೋ ತರಂಗಗಳು ಗೊತ್ತಾದ ಮಿತಿಯೊಳಗೆ ಇರಬೇಕಿತ್ತು. ಎಲ್ಲ ಕಡೆಯಿಂದ ಮುಚ್ಚಿದ, ನೆಲಸಂಪರ್ಕ ಪಡೆದ ಲೋಹದ ಪೆಟ್ಟಿಗೆ ಈ ಮಿತಿ ಕಾಯಲು ಸುಲಭದ ದಾರಿಯಾಗಿತ್ತು.

1983ರ ಎಕ್ಸ್‌ಟಿ ಮಾದರಿಯಲ್ಲಿ 8 ಸ್ಲಾಟ್, 10 ಮೆಗಾಬೈಟ್ ಹಾರ್ಡ್ ಡಿಸ್ಕ್ ಮತ್ತು 130 ವ್ಯಾಟ್ ವಿದ್ಯುತ್ ಘಟಕ ಬಂದವು. ಸ್ಲಾಟ್‌ಗಳ ನಡುವಿನ ಅಂತರ 0.8 ಇಂಚು, ಅಂದರೆ 20.32 ಮಿಲಿಮೀಟರ್ ಆಯಿತು. ಇಂದಿಗೂ ಅದೇ ಅಂತರ ಉಳಿದಿದೆ. 1984ರ ಎಟಿ ಮಾದರಿಯ ವಿದ್ಯುತ್ ಘಟಕ 192 ವ್ಯಾಟಿಗೆ ಏರಿತು. ಅದರ ಮದರ್‌ಬೋರ್ಡ್ 305 ಮಿಲಿಮೀಟರ್ ಅಗಲ, 351 ಮಿಲಿಮೀಟರ್ ಉದ್ದವಿತ್ತು. ಇಷ್ಟು ದೊಡ್ಡ ಹಲಗೆಯ ಪಕ್ಕದಲ್ಲಿ ಡಿಸ್ಕುಗಳನ್ನೂ ಮಲಗಿಸಿದರೆ ಮೇಜಿನ ಅರ್ಧ ಭಾಗ ಪೆಟ್ಟಿಗೆಗೇ ಹೋಗುತ್ತಿತ್ತು. ಎಷ್ಟೋ ಕಚೇರಿಗಳಲ್ಲಿ ಎಟಿಯನ್ನು ಪಕ್ಕಕ್ಕೆ ತಿರುಗಿಸಿ, ಆನಿಕೆ ಕೊಟ್ಟು, ಮೇಜಿನ ಕೆಳಗೆ ನಿಲ್ಲಿಸುವ ರೂಢಿ ಬಂತು.

ಕಂಪ್ಯೂಟರನ್ನು ನೆಲದ ಮೇಲೆ ನಿಲ್ಲಿಸುವುದು ಆಗಲೇ ಪರಿಚಿತವಾದ ಪದ್ಧತಿ. ಮಿನಿಕಂಪ್ಯೂಟರ್‌ಗಳು ಆಳೆತ್ತರದ ರ್‍ಯಾಕ್‌ಗಳಲ್ಲಿ ಇರುತ್ತಿದ್ದವು. ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಮೈಕ್ರೋವ್ಯಾಕ್ಸ್ 2 ಯಂತ್ರವು 1985ರಲ್ಲಿ ಮೇಜಿನ ಪಕ್ಕ ನಿಲ್ಲುವ ಪೆಟ್ಟಿಗೆಯಲ್ಲಿ ದೊರೆಯುತ್ತಿತ್ತು. ಪಿಸಿಯ ವಂಶದಲ್ಲಿ ಈ ನಿಲುವನ್ನು ಮೊದಲಿನಿಂದಲೇ ಯೋಚಿಸಿ ರೂಪಿಸಿದ ಮುಖ್ಯ ಯಂತ್ರಗಳು ಐಬಿಎಂನ ಪಿಎಸ್/2 ಸರಣಿಯ 60 ಮತ್ತು 80ನೇ ಮಾದರಿಗಳು. 1987ರ ಏಪ್ರಿಲ್‌ನಲ್ಲಿ ಬಂದ ಇವುಗಳ ಎತ್ತರ ಸುಮಾರು 60 ಸೆಂಟಿಮೀಟರ್. ತೆಳ್ಳಗೆ, ಎತ್ತರವಾಗಿ ಇದ್ದುದರಿಂದ ಉರುಳಬಾರದೆಂದು ಎರಡೂ ಬದಿಗೆ ಚಾಚುವ ಪಾದಗಳನ್ನು ಇಟ್ಟಿದ್ದರು. ಮದರ್‌ಬೋರ್ಡ್ ಗೋಡೆಗೆ ಒರಗಿದಂತೆ ಲಂಬವಾಗಿ ನಿಂತು, ಕಾರ್ಡ್‌ಗಳು ಅದರಿಂದ ಅಡ್ಡಲಾಗಿ ಚಾಚುವ ಈ ಜೋಡಣೆಯೇ ಮುಂದಿನ ಎಲ್ಲ ಟವರ್‌ಗಳಿಗೂ ಮಾದರಿಯಾಯಿತು. 1989ರ ನವೆಂಬರ್‌ನಲ್ಲಿ ಕಾಂಪ್ಯಾಕ್ ಕಂಪನಿ ಹೊರತಂದ ಸಿಸ್ಟಂಪ್ರೊ ಎಂಬ ಸರ್ವರ್ ಕೂಡ ಇದೇ ನಿಲುವಿನದು. ಅಲ್ಲಿಂದ ಮುಂದೆ ಎತ್ತರದ ಪೆಟ್ಟಿಗೆ ಎಂದರೆ ಕಚೇರಿಯ ಸರ್ವರ್ ಎಂಬ ಭಾವನೆ ಬಲವಾಯಿತು.

ಖಾನೆಗಳ ಕಾಲ

ಐಬಿಎಂ ಪಿಸಿಗೆ ಹೊಂದುವ ಯಂತ್ರಗಳನ್ನು ನೂರಾರು ಕಂಪನಿಗಳು ಮಾಡತೊಡಗಿದ ಮೇಲೆ ಕ್ಯಾಬಿನೆಟ್ ತಯಾರಿಕೆ ಬೇರೆಯದೇ ಕಸುಬಾಯಿತು. ಅದರ ಕೇಂದ್ರ ತೈವಾನ್. ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ, ಕತ್ತರಿಸಿ, ಬಗ್ಗಿಸಿ, ರಿವೆಟ್ ಹೊಡೆದು ಚೌಕಟ್ಟು ಮಾಡುವುದು. ಮುಂದಕ್ಕೆ ಪ್ಲಾಸ್ಟಿಕ್ ಮುಖ ಕೂರಿಸುವುದು. ಮೇಲೆ ಬೂದುಬಿಳಿ ಬಣ್ಣ ಬಳಿಯುವುದು. ಈ ಕೆಲಸದಲ್ಲಿ ಅಚ್ಚಿನ ಖರ್ಚೇ ದೊಡ್ಡದು. ಹಾಗಾಗಿ ಒಂದೇ ಅಚ್ಚಿನ ಚೌಕಟ್ಟಿಗೆ ಬೇರೆ ಬೇರೆ ಮುಖ ಹಾಕಿ ಹಲವು ಹೆಸರುಗಳಲ್ಲಿ ಮಾರುವುದು ಮಾಮೂಲಾಯಿತು. ಅಗ್ಗದ ಪೆಟ್ಟಿಗೆಗಳಲ್ಲಿ ತಗಡಿನ ಅಂಚನ್ನು ಮಡಿಸದೆ ಬಿಡುತ್ತಿದ್ದರು. ಜೋಡಿಸುವವರ ಬೆರಳು ಕೊಯ್ದುಕೊಳ್ಳುತ್ತಿತ್ತು. ಅಂಚನ್ನು ಒಳಕ್ಕೆ ಸುತ್ತಿ ಮಡಿಸಿರುವುದು ಒಳ್ಳೆಯ ಕ್ಯಾಬಿನೆಟ್ಟಿನ ಮೊದಲ ಗುರುತಾಗಿತ್ತು.

1990ರ ಸುಮಾರಿನ ಫುಲ್ ಟವರಿನ ಮುಂಭಾಗದ ತುಂಬ ಡ್ರೈವ್ ಖಾನೆಗಳೇ. 5.25 ಇಂಚಿನ ಡ್ರೈವಿನ ಖಾನೆ 146 ಮಿಲಿಮೀಟರ್ ಅಗಲ. ಮೊದಲ ಕಾಲದ ಪೂರ್ಣ ಎತ್ತರದ ಡ್ರೈವ್ 82 ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪ, ಆಮೇಲೆ ಬಂದ ಅರ್ಧ ಎತ್ತರದ್ದು ಅದರಲ್ಲಿ ಸರಿಯಾಗಿ ಅರ್ಧ. ಫ್ಲಾಪಿ, ಟೇಪ್, ಸಿಡಿ, ಹಾರ್ಡ್ ಡಿಸ್ಕ್ ಎಲ್ಲವೂ ಈ ಅಳತೆಗೆ ಒಗ್ಗಿಕೊಂಡವು. ದೊಡ್ಡ ಧಾರಣಶಕ್ತಿಯ ಹಾರ್ಡ್ ಡಿಸ್ಕ್ ಒಂದೊಂದೂ ಎರಡು ಖಾನೆಗಳನ್ನು ನುಂಗುತ್ತಿತ್ತು. ಸರ್ವರ್‌ಗಳಲ್ಲಿ ಬಳಸುತ್ತಿದ್ದ ಸ್ಕಸಿ ವ್ಯವಸ್ಥೆಯಲ್ಲಿ ಒಂದು ನಿಯಂತ್ರಕ ಕಾರ್ಡಿಗೆ 7 ಸಾಧನಗಳನ್ನು ಜೋಡಿಸಬಹುದಿತ್ತು. ಆ ಏಳಕ್ಕೂ ಜಾಗ ಕೊಡಬೇಕಾದರೆ ಪೆಟ್ಟಿಗೆ ಎತ್ತರವಾಗಲೇಬೇಕು. ಫುಲ್ ಟವರಿನ ಎತ್ತರ ಹುಟ್ಟಿದ್ದು ಈ ಲೆಕ್ಕದಿಂದ.

ಆ ಕಾಲದ ಮುಂಭಾಗದಲ್ಲಿ ಇನ್ನೂ ಕೆಲವು ವಿಶೇಷಗಳಿದ್ದವು. ಒಂದು, ಟರ್ಬೊ ಗುಂಡಿ. ಮೊದಲ ಪಿಸಿಯ ಪ್ರೊಸೆಸರ್ 4.77 ಮೆಗಾಹರ್ಟ್ಸ್ ವೇಗದಲ್ಲಿ ಓಡುತ್ತಿತ್ತು. ಆ ವೇಗವನ್ನೇ ನಂಬಿ ಬರೆದ ಆಟಗಳೂ ಇತರ ತಂತ್ರಾಂಶಗಳೂ ವೇಗದ ಯಂತ್ರದಲ್ಲಿ ಹಿಡಿತಕ್ಕೆ ಸಿಗದಂತೆ ಓಡುತ್ತಿದ್ದವು. ಗುಂಡಿ ಒತ್ತಿದರೆ ಯಂತ್ರ ನಿಧಾನವಾಗುತ್ತಿತ್ತು. ಎರಡು, ವೇಗವನ್ನು ತೋರಿಸುವ ಕೆಂಪು ಅಥವಾ ಹಸಿರು ಅಂಕಿಗಳ ಫಲಕ. ಅದು ವೇಗವನ್ನು ಅಳೆಯುತ್ತಿರಲಿಲ್ಲ. ಜೋಡಿಸುವವನು ಹಿಂಬದಿಯ ಜಂಪರ್‌ಗಳನ್ನು ಹೇಗೆ ಕೂರಿಸಿದ್ದಾನೋ ಆ ಅಂಕಿಯನ್ನೇ ತೋರಿಸುತ್ತಿತ್ತು. ಮೂರು, ಎಟಿ ಮಾದರಿಯಿಂದ ಬಂದ ಬೀಗ. ಕೀಲಿ ತಿರುಗಿಸಿದರೆ ಕೀಬೋರ್ಡ್ ಕೆಲಸ ನಿಲ್ಲಿಸುತ್ತಿತ್ತು.

ಎಟಿ ಕಾಲದ ವಿನ್ಯಾಸದಲ್ಲಿ ನಿಜವಾದ ಅಪಾಯ ಒಂದಿತ್ತು. ಮುಂಭಾಗದ ಪವರ್ ಸ್ವಿಚ್ ಗೋಡೆಯ ವಿದ್ಯುತ್ತನ್ನೇ ಕಡಿಯುವ, ಕೂಡಿಸುವ ಸ್ವಿಚ್. ಹಿಂದಿನ ವಿದ್ಯುತ್ ಘಟಕದಿಂದ ದಪ್ಪ ತಂತಿಯೊಂದು ಪೂರ್ಣ ವೋಲ್ಟೇಜ್ ಹೊತ್ತು ಪೆಟ್ಟಿಗೆಯ ಉದ್ದಕ್ಕೂ ಮುಂದಕ್ಕೆ ಬರುತ್ತಿತ್ತು. ಅದರ ಕೊನೆಗಳನ್ನು ತಪ್ಪಾಗಿ ಜೋಡಿಸಿದರೆ ಶಾಕ್ ಹೊಡೆಯುವ ಅಥವಾ ಶಾರ್ಟ್ ಆಗುವ ಭಯವಿತ್ತು. ಮದರ್‌ಬೋರ್ಡಿಗೆ ವಿದ್ಯುತ್ ಕೊಡುವ ಎರಡು ಕನೆಕ್ಟರ್‌ಗಳು ಒಂದೇ ರೂಪದವು. ಅವನ್ನು ಅದಲುಬದಲು ಮಾಡಿದರೆ ಬೋರ್ಡೇ ಸುಟ್ಟುಹೋಗುತ್ತಿತ್ತು. ಕಪ್ಪು ತಂತಿಗಳು ಮಧ್ಯದಲ್ಲಿ ಪಕ್ಕಪಕ್ಕ ಬರಬೇಕು ಎಂಬುದು ಜೋಡಿಸುವವರೆಲ್ಲ ಬಾಯಿಪಾಠ ಮಾಡಿದ್ದ ನಿಯಮ.

1995ರ ಕಟ್ಟುಪಾಡು

ಈ ತೊಡಕುಗಳಿಗೆ ಉತ್ತರವಾಗಿ ಇಂಟೆಲ್ ಕಂಪನಿ 1995ರ ಜುಲೈನಲ್ಲಿ ಎಟಿಎಕ್ಸ್ ಎಂಬ ಮಾನಕವನ್ನು ಪ್ರಕಟಿಸಿತು. ಮದರ್‌ಬೋರ್ಡಿನ ಅಳತೆ 305 ಮತ್ತು 244 ಮಿಲಿಮೀಟರ್ ಎಂದಾಯಿತು. ಎಟಿ ಬೋರ್ಡಿನ ಚಿಕ್ಕ ರೂಪವಾಗಿದ್ದ ಹಳೆಯ ಬೇಬಿ ಎಟಿಯನ್ನು 90 ಡಿಗ್ರಿ ತಿರುಗಿಸಿದಂತಿದ್ದ ಈ ಜೋಡಣೆಯಲ್ಲಿ ಪ್ರೊಸೆಸರ್ ಸ್ಲಾಟ್‌ಗಳ ದಾರಿಯಿಂದ ದೂರ ಸರಿಯಿತು. ಹಾಗಾಗಿ ಉದ್ದದ ಕಾರ್ಡ್‌ಗಳು ಅಡ್ಡಿಯಿಲ್ಲದೆ ಕೂರಲು ಸಾಧ್ಯವಾಯಿತು. ಕೀಬೋರ್ಡ್, ಪ್ರಿಂಟರ್, ಮೌಸ್ ಮುಂತಾದವುಗಳ ಕಿಂಡಿಗಳೆಲ್ಲ ಬೋರ್ಡಿನ ಒಂದೇ ಅಂಚಿಗೆ ಬಂದವು. ಪೆಟ್ಟಿಗೆಯ ಹಿಂಬದಿಯಲ್ಲಿ ಅವಕ್ಕಾಗಿ 158.75 ಮಿಲಿಮೀಟರ್ ಅಗಲ, 44.45 ಮಿಲಿಮೀಟರ್ ಎತ್ತರದ ಒಂದೇ ಕಿಟಕಿ. ಬೋರ್ಡ್ ಬದಲಾದರೆ ಆ ಕಿಟಕಿಯ ತೆಳು ತಗಡನ್ನು ಬದಲಿಸಿದರೆ ಸಾಕು, ಪೆಟ್ಟಿಗೆ ಹಾಗೇ ಉಳಿಯುತ್ತದೆ.

ವಿದ್ಯುತ್ತಿನ ವ್ಯವಸ್ಥೆಯೂ ಬದಲಾಯಿತು. ಎರಡು ಕನೆಕ್ಟರ್‌ಗಳ ಜಾಗದಲ್ಲಿ ತಿರುಗಿಸಿ ಹಾಕಲು ಬಾರದ 20 ಪಿನ್ನಿನ ಒಂದೇ ಕನೆಕ್ಟರ್ ಬಂತು. ಮುಂಭಾಗದ ಗುಂಡಿ ಮದರ್‌ಬೋರ್ಡಿಗೆ ಸಣ್ಣ ಸಂಕೇತ ಕಳಿಸುವುದಷ್ಟೇ. ಬೋರ್ಡ್ ಆ ಸಂಕೇತ ನೋಡಿ ಎಸ್‌ಎಂಪಿಎಸ್ಸನ್ನು ಎಬ್ಬಿಸುತ್ತದೆ. ಗೋಡೆಯ ವೋಲ್ಟೇಜ್ ಪೆಟ್ಟಿಗೆಯ ಮುಂಭಾಗಕ್ಕೆ ಬರುವುದು ನಿಂತಿತು. ಕಂಪ್ಯೂಟರ್ ತಾನೇ ಆರಿಹೋಗುವುದೂ, ನಿದ್ದೆಗೆ ಹೋಗಿ ಏಳುವುದೂ ಇದರಿಂದಲೇ ಸಾಧ್ಯವಾಯಿತು.

ಮೊದಲ ಎಟಿಎಕ್ಸ್‌ನಲ್ಲಿ ಒಂದು ಊಹೆ ತಪ್ಪಾಯಿತು. ಎಸ್‌ಎಂಪಿಎಸ್ಸಿನ ಫ್ಯಾನ್ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದು ಪ್ರೊಸೆಸರ್ ಮೇಲೆ ಊದಬೇಕೆಂದು ಯೋಚಿಸಿದ್ದರು. ಆದರೆ ಆ ಗಾಳಿ ಎಸ್‌ಎಂಪಿಎಸ್ ದಾಟಿ ಬರುವಷ್ಟರಲ್ಲಿ ಅಲ್ಲಿನ ಶಾಖವನ್ನು ಹೀರಿಕೊಂಡಿರುತ್ತಿತ್ತು. ಮಾನಕದ ಮುಂದಿನ ಆವೃತ್ತಿಗಳಲ್ಲಿ ಫ್ಯಾನನ್ನು ತಿರುಗಿಸಿ, ಬಿಸಿ ಗಾಳಿಯನ್ನು ಹೊರಕ್ಕೆ ದಬ್ಬುವಂತೆ ಮಾಡಿದರು.

ಎಟಿಎಕ್ಸ್ ಬೋರ್ಡಿನಲ್ಲಿ ಇರುವುದು ಗರಿಷ್ಠ 7 ಸ್ಲಾಟ್. ಅದಕ್ಕೆ ಮಿಡ್ ಟವರ್ ಸಾಕು. ಫುಲ್ ಟವರ್ ತನ್ನ ಜಾಗ ಉಳಿಸಿಕೊಂಡಿದ್ದು ಇದಕ್ಕಿಂತ ದೊಡ್ಡ ಬೋರ್ಡುಗಳಿಂದ. ಎರಡು ಪ್ರೊಸೆಸರ್ ಹೊರುವ ಇ-ಎಟಿಎಕ್ಸ್ ಬೋರ್ಡು 305 ಮಿಲಿಮೀಟರ್ ಎತ್ತರ, 330 ಮಿಲಿಮೀಟರ್ ಅಗಲ. ಇದು ಮಿಡ್ ಟವರಿನಲ್ಲಿ ಡ್ರೈವ್ ಖಾನೆಗಳಿಗೆ ತಾಗುತ್ತದೆ. ಸೂಪರ್‌ಮೈಕ್ರೊ ಕಂಪನಿಯ ಎಸ್‌ಸಿ750-ಎ ಎಂಬ ಫುಲ್ ಟವರ್ 1990ರ ದಶಕದ ಕೊನೆಯಲ್ಲಿ ಸರ್ವರ್ ಕೋಣೆಗಳನ್ನು ದಾಟಿ ಹವ್ಯಾಸಿಗಳ ಮನೆ ಸೇರಿತು. ಅದರ ಆಕರ್ಷಣೆ ಅಂದವಲ್ಲ, ಒಳಗಿದ್ದ ವಿಶಾಲ ಜಾಗ ಮತ್ತು ಗಾಳಿಯ ಓಡಾಟ.

ಶಾಖದ ಲೆಕ್ಕ

1990ರ ದಶಕದ ಆರಂಭದವರೆಗೂ ಕ್ಯಾಬಿನೆಟ್ ವಿನ್ಯಾಸಕರಿಗೆ ಶಾಖ ದೊಡ್ಡ ಚಿಂತೆಯಾಗಿರಲಿಲ್ಲ. ಎಸ್‌ಎಂಪಿಎಸ್ಸಿನ ಒಂದೇ ಫ್ಯಾನ್ ಇಡೀ ಪೆಟ್ಟಿಗೆಗೆ ಸಾಕಾಗುತ್ತಿತ್ತು. 1993ರ ಪೆಂಟಿಯಂ ಪ್ರೊಸೆಸರ್ ಹದಿನೈದು ವ್ಯಾಟ್ ಆಸುಪಾಸು ಬಳಸುತ್ತಿತ್ತು. ಅದನ್ನೇ ಆಗ ಬಹಳ ಬಿಸಿ ಎನ್ನುತ್ತಿದ್ದರು. 2004ರ ಫೆಬ್ರುವರಿಯಲ್ಲಿ ಬಂದ ಪ್ರೆಸ್ಕಾಟ್ ಪೀಳಿಗೆಯ ಪೆಂಟಿಯಂ 4ರಲ್ಲಿ ಈ ಅಂಕಿ ನೂರು ವ್ಯಾಟನ್ನೂ ದಾಟಿತು. ನಡುವಿನ ವರ್ಷಗಳಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಗೂ ಸ್ವಂತ ಫ್ಯಾನ್ ಬಂದಿತ್ತು. 2004ರಲ್ಲಿ ಎನ್ವಿಡಿಯಾ ಕಂಪನಿಯ ಎಸ್‌ಎಲ್‌ಐ ತಂತ್ರದಿಂದ ಎರಡು ಕಾರ್ಡುಗಳನ್ನು ಒಟ್ಟಿಗೆ ದುಡಿಸುವುದು ಸಾಧ್ಯವಾದಾಗ ಶಾಖ ಇನ್ನಷ್ಟು ಹೆಚ್ಚಿತು.

ಕಂಪ್ಯೂಟರ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ. ಅದನ್ನು ಹೊರಹಾಕಲು ಎಷ್ಟು ಗಾಳಿ ಬೇಕೆಂಬುದನ್ನು ಸರಳ ಭೌತಶಾಸ್ತ್ರವೇ ಹೇಳುತ್ತದೆ. ಒಳಗೆ 100 ವ್ಯಾಟ್ ಶಾಖ ಹುಟ್ಟುತ್ತಿದ್ದು, ಹೊರಹೋಗುವ ಗಾಳಿ ಒಳಬರುವ ಗಾಳಿಗಿಂತ 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದರೆ, ಸೆಕೆಂಡಿಗೆ ಸುಮಾರು 8 ಲೀಟರ್ ಗಾಳಿ ಪೆಟ್ಟಿಗೆಯನ್ನು ಹಾದುಹೋಗಬೇಕು. 700 ವ್ಯಾಟ್ ಆದರೆ ಸುಮಾರು 58 ಲೀಟರ್ ಬೇಕು. ಇಷ್ಟು ಗಾಳಿಯನ್ನು 80 ಮಿಲಿಮೀಟರಿನ ಚಿಕ್ಕ ಫ್ಯಾನುಗಳಿಂದ ಎಳೆಯಲು ಹೋದರೆ ಅವು ಬಹಳ ವೇಗವಾಗಿ ತಿರುಗಬೇಕು, ಸದ್ದು ಸಹಿಸಲಾಗದು. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ತಗ್ಗುತ್ತದೆ ಎಂಬುದು ಎಂಜಿನಿಯರುಗಳು ನೆಚ್ಚುವ ಲೆಕ್ಕ. ಅದಕ್ಕಾಗಿ ಫ್ಯಾನ್ ದೊಡ್ಡದಾಗಿರಬೇಕು, ನಿಧಾನವಾಗಿ ತಿರುಗಬೇಕು. ದೊಡ್ಡ ಫ್ಯಾನಿಗೆ ದೊಡ್ಡ ಮುಖದ ಪೆಟ್ಟಿಗೆ ಬೇಕು. ಡಿಸ್ಕುಗಳಿಗಾಗಿ ಹುಟ್ಟಿದ್ದ ಎತ್ತರ ಇಲ್ಲಿಂದ ಮುಂದೆ ಗಾಳಿಗೆ ಬಳಕೆಯಾಯಿತು. 80 ಮಿಲಿಮೀಟರಿನ ಫ್ಯಾನುಗಳ ಜಾಗಕ್ಕೆ 120 ಮಿಲಿಮೀಟರಿನವು, ಆಮೇಲೆ 140 ಮಿಲಿಮೀಟರಿನವು ಬಂದವು. ಕೂಲರ್ ಮಾಸ್ಟರ್ ಕಂಪನಿಯ 2008ರ ಎಚ್‌ಎಎಫ್ 932 ಎಂಬ ಫುಲ್ ಟವರಿನ ಮುಂದೆ, ಪಕ್ಕದಲ್ಲಿ, ಮೇಲೆ 230 ಮಿಲಿಮೀಟರಿನ ಒಂದೊಂದು ಫ್ಯಾನ್, ಹಿಂದೆ 140 ಮಿಲಿಮೀಟರಿನ ಒಂದು ಫ್ಯಾನ್ ಇದ್ದವು.

ಇಂಟೆಲ್ ಕೂಡ ಸುಮ್ಮನಿರಲಿಲ್ಲ. 2003ರಲ್ಲಿ ಬಿಟಿಎಕ್ಸ್ ಎಂಬ ಹೊಸ ಮಾನಕವನ್ನು ಮುಂದಿಟ್ಟಿತು. ಮುಂದಿನಿಂದ ಬಂದ ತಣ್ಣನೆ ಗಾಳಿ ಮೊದಲು ಪ್ರೊಸೆಸರನ್ನು ತಾಗಿ, ಆಮೇಲೆ ಗ್ರಾಫಿಕ್ಸ್ ಕಾರ್ಡಿನತ್ತ ನೇರವಾಗಿ ಸಾಗುವಂತೆ ಬೋರ್ಡಿನ ಭಾಗಗಳನ್ನೇ ಮರುಜೋಡಿಸಲಾಗಿತ್ತು. ತಾಂತ್ರಿಕವಾಗಿ ಯೋಚನೆ ಸರಿಯಾಗಿತ್ತು. ಆದರೆ ಅದನ್ನು ಒಪ್ಪಿದರೆ ಹಳೆಯ ಪೆಟ್ಟಿಗೆ, ಹಳೆಯ ಬೋರ್ಡ್ ಎಲ್ಲ ವ್ಯರ್ಥ. ಇಷ್ಟರಲ್ಲಿ 2006ರಲ್ಲಿ ಕಡಿಮೆ ವಿದ್ಯುತ್ ಬಳಸುವ ಕೋರ್ 2 ಪ್ರೊಸೆಸರ್ ಬಂತು, ಬಿಟಿಎಕ್ಸ್‌ನ ಅಗತ್ಯವೇ ತಗ್ಗಿತು. ಇಂಟೆಲ್ ಅದೇ ವರ್ಷ ಆ ಯೋಜನೆಯನ್ನು ಕೈಬಿಟ್ಟಿತು. ಎಟಿಎಕ್ಸ್ ಉಳಿಯಿತು.

ಲೋಹದಲ್ಲೂ ಪ್ರಯೋಗಗಳು ನಡೆದವು. 2000ರ ಆಸುಪಾಸಿನಲ್ಲಿ ತೈವಾನಿನ ಲಿಯಾನ್ ಲಿ ಮತ್ತು ಕೂಲರ್ ಮಾಸ್ಟರ್ ಕಂಪನಿಗಳು ಅಲ್ಯೂಮಿನಿಯಂ ಕ್ಯಾಬಿನೆಟ್‌ಗಳನ್ನು ಜನಪ್ರಿಯಗೊಳಿಸಿದವು. ಅಲ್ಯೂಮಿನಿಯಂ ಶಾಖವನ್ನು ಬೇಗ ಸಾಗಿಸುತ್ತದೆ, ಹಾಗಾಗಿ ಪೆಟ್ಟಿಗೆಯೇ ತಣ್ಣಗಾಗುತ್ತದೆ ಎಂಬ ನಂಬಿಕೆ ಹರಡಿತ್ತು. ಆದರೆ ಬಿಸಿ ಭಾಗಗಳು ಪೆಟ್ಟಿಗೆಯ ಗೋಡೆಗೆ ತಾಗುವುದೇ ಇಲ್ಲ. ಶಾಖ ಹೊರಹೋಗುವುದು ಗಾಳಿಯ ಮೂಲಕ. ಅಲ್ಯೂಮಿನಿಯಂನಿಂದ ನಿಜಕ್ಕೂ ದೊರೆತ ಲಾಭ ಹಗುರತನ ಮತ್ತು ತುಕ್ಕು ಹಿಡಿಯದ ಮೇಲ್ಮೈ. ಉಕ್ಕು ಅಗ್ಗ, ಗಟ್ಟಿ, ಕಂಪನವನ್ನು ಹೆಚ್ಚು ತಡೆಯುತ್ತದೆ. ಹಾಗಾಗಿ ದೊಡ್ಡ ಕ್ಯಾಬಿನೆಟ್‌ಗಳಲ್ಲಿ ಚೌಕಟ್ಟು ಉಕ್ಕಿನದು, ಮುಖ ಅಲ್ಯೂಮಿನಿಯಂನದು ಎಂಬ ಹೊಂದಾಣಿಕೆ ನೆಲೆಗೊಂಡಿತು.

ಒಳಾಂಗಣದ ಮರುಜೋಡಣೆ

2005ರಿಂದ ಮುಂದಿನ ಐದಾರು ವರ್ಷಗಳಲ್ಲಿ ಕ್ಯಾಬಿನೆಟ್ಟಿನ ಒಳಾಂಗಣ ಇಂದಿನ ರೂಪಕ್ಕೆ ಬಂತು. ಮೊದಲ ಬದಲಾವಣೆ ಎಸ್‌ಎಂಪಿಎಸ್ಸಿನದು. ಅದುವರೆಗೆ ಅದು ಪೆಟ್ಟಿಗೆಯ ಮೇಲ್ತುದಿಯಲ್ಲಿ ಇರುತ್ತಿತ್ತು. ಕೆಳಗಿನಿಂದ ಏರಿಬಂದ ಬಿಸಿ ಗಾಳಿಯೆಲ್ಲ ಅದರ ಮೂಲಕವೇ ಹೊರಹೋಗಬೇಕಿತ್ತು. ಆ್ಯಂಟೆಕ್ ಕಂಪನಿಯ 2005ರ ಪಿ180 ಮಿಡ್ ಟವರಿನಲ್ಲಿ ಅದನ್ನು ತಳಕ್ಕೆ ಇಳಿಸಿ, ನಡುವೆ ಅಡ್ಡಗೋಡೆ ಹಾಕಿ, ಅದಕ್ಕೆ ಪ್ರತ್ಯೇಕ ಗಾಳಿಯ ದಾರಿ ಕೊಟ್ಟರು. ಈ ಕ್ರಮ ಕೆಲವೇ ವರ್ಷಗಳಲ್ಲಿ ಎಲ್ಲ ಗಾತ್ರದ ಪೆಟ್ಟಿಗೆಗಳಿಗೂ ಹರಡಿತು. ಭಾರವಾದ ಭಾಗ ತಳದಲ್ಲಿ ಇರುವುದರಿಂದ ಎತ್ತರದ ಫುಲ್ ಟವರ್ ಉರುಳುವ ಭಯವೂ ತಗ್ಗಿತು.

ಎರಡನೆಯ ಬದಲಾವಣೆ ತಂತಿಗಳದು. ಕೋರ್ಸೇರ್ ಕಂಪನಿ 2009ರಲ್ಲಿ ತನ್ನ ಮೊದಲ ಕ್ಯಾಬಿನೆಟ್ಟಾಗಿ ಹೊರತಂದ ಅಬ್ಸಿಡಿಯನ್ 800ಡಿ ಈ ವಿಷಯದಲ್ಲಿ ಗಮನಿಸಬೇಕಾದ ಫುಲ್ ಟವರ್. ಎತ್ತರ ಮತ್ತು ಆಳ ಎರಡೂ ಸುಮಾರು 61 ಸೆಂಟಿಮೀಟರ್, ಅಗಲ ಸುಮಾರು 23. ಮದರ್‌ಬೋರ್ಡ್ ಕೂರುವ ತಟ್ಟೆಯಲ್ಲಿ ರಬ್ಬರ್ ಅಂಚಿನ ಕಿಂಡಿಗಳು. ತಂತಿಗಳು ಅವುಗಳ ಮೂಲಕ ತಟ್ಟೆಯ ಹಿಂಬದಿಗೆ ಹೋಗಿ ಕಣ್ಣಿಗೆ ಬೀಳದೆ ಸಾಗುತ್ತವೆ. ಪ್ರೊಸೆಸರಿನ ಹಿಂದೆ ತಟ್ಟೆಯಲ್ಲೊಂದು ದೊಡ್ಡ ಕಂಡಿ; ಕೂಲರ್ ಬದಲಿಸಲು ಇಡೀ ಬೋರ್ಡನ್ನು ಬಿಚ್ಚಬೇಕಿಲ್ಲ. ಹಾರ್ಡ್ ಡಿಸ್ಕುಗಳಿಗೆ ಮುಂದಿನಿಂದಲೇ ಎಳೆದು ತೆಗೆಯುವ 4 ಖಾನೆಗಳು. ಪಕ್ಕದ ಬಾಗಿಲಿನಲ್ಲಿ ಕಿಟಕಿ. ಮೇಲ್ಛಾವಣಿಯಲ್ಲಿ ಮೂರು ಫ್ಯಾನಿನ ರೇಡಿಯೇಟರಿಗೆ ಜಾಗ. ಇವುಗಳಲ್ಲಿ ಒಂದೊಂದೂ ಬೇರೆಡೆ ಬಿಡಿಯಾಗಿ ಕಾಣಿಸಿಕೊಂಡಿತ್ತು. ಎಲ್ಲವನ್ನೂ ಒಂದೆಡೆ ಅಚ್ಚುಕಟ್ಟಾಗಿ ಸೇರಿಸಿದ್ದು ಇದರ ಹಿರಿಮೆ. ಒಳಗೆ ಗಾಳಿ ಬರುವ ದಾರಿ ಸಾಲದು ಎಂಬ ದೂರು ಇದರ ಮೇಲಿತ್ತು.

ಮೂರನೆಯದು ದೂಳು. ಒಳಕ್ಕೆ ಊದುವ ಫ್ಯಾನುಗಳು ಹೊರಕ್ಕೆ ಎಳೆಯುವವಕ್ಕಿಂತ ಹೆಚ್ಚು ಗಾಳಿ ತಂದರೆ ಪೆಟ್ಟಿಗೆಯೊಳಗೆ ಒತ್ತಡ ತುಸು ಹೆಚ್ಚಿರುತ್ತದೆ. ಆಗ ಸಂದುಗಳಿಂದ ಗಾಳಿ ಹೊರಕ್ಕೆ ಹೋಗುತ್ತದೆಯೇ ಹೊರತು ದೂಳು ಒಳಕ್ಕೆ ಬರುವುದಿಲ್ಲ. ಒಳಬರುವ ಕಡೆ ಮಾತ್ರ ಜಾಲರಿ ಇಟ್ಟರೆ ಸಾಕು. ಈ ಜಾಲರಿಗಳನ್ನು ಸ್ಕ್ರೂ ಬಿಚ್ಚದೆ ಎಳೆದು ತೊಳೆಯುವಂತೆ ಮಾಡಿದ್ದು ಸಣ್ಣ ಸಂಗತಿಯಂತೆ ಕಂಡರೂ ಯಂತ್ರದ ಆಯುಷ್ಯಕ್ಕೆ ದೊಡ್ಡ ಉಪಕಾರ.

ನೀರು, ಗಾಜು ಮತ್ತು ಖಾಲಿಯಾದ ಖಾನೆಗಳು

2010ರ ದಶಕದಲ್ಲಿ ಡ್ರೈವ್ ಖಾನೆಗಳು ಒಂದೊಂದಾಗಿ ಕಣ್ಮರೆಯಾದವು. ಫ್ಲಾಪಿ ಮೊದಲೇ ಹೋಗಿತ್ತು. ತಂತ್ರಾಂಶ, ಆಟ, ಸಿನಿಮಾ ಎಲ್ಲ ಇಂಟರ್ನೆಟ್ ಮೂಲಕ ಬರತೊಡಗಿದ ಮೇಲೆ ಡಿವಿಡಿ ಡ್ರೈವ್ ಬೇಡವಾಯಿತು. ಎನ್‌ಝಡ್‌ಎಕ್ಸ್‌ಟಿ ಕಂಪನಿಯ 2014ರ ಎಚ್440 ಮಿಡ್ ಟವರಿನಲ್ಲಿ 5.25 ಇಂಚಿನ ಒಂದು ಖಾನೆಯೂ ಇರಲಿಲ್ಲ. ಆಗ ಅದು ಸಾಹಸವೆನಿಸಿತ್ತು, ಕೆಲವೇ ವರ್ಷಗಳಲ್ಲಿ ರೂಢಿಯಾಯಿತು. ಹಾರ್ಡ್ ಡಿಸ್ಕಿನ ಕೆಲಸವನ್ನು 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಎಂ.2 ಎಸ್‌ಎಸ್‌ಡಿ ವಹಿಸಿಕೊಂಡಿತು. ಅದು ಮದರ್‌ಬೋರ್ಡಿನ ಮೇಲೆಯೇ ಮಲಗುತ್ತದೆ. ಕ್ಯಾಬಿನೆಟ್ಟಿನ ಜಾಗವನ್ನೇ ಕೇಳುವುದಿಲ್ಲ.

ಹೀಗೆ ತೆರವಾದ ಮುಂಭಾಗವನ್ನು ನೀರಿನ ರೇಡಿಯೇಟರ್ ತುಂಬಿತು. ಪ್ರೊಸೆಸರಿನ ಮೇಲೆ ಕೂರುವ ಲೋಹದ ಬಿಲ್ಲೆಯಿಂದ ಶಾಖ ಹೊತ್ತ ನೀರು ಕೊಳವೆಯಲ್ಲಿ ರೇಡಿಯೇಟರಿಗೆ ಹೋಗಿ, ಅಲ್ಲಿ ಗಾಳಿಗೆ ಶಾಖ ಬಿಟ್ಟು ಮರಳುತ್ತದೆ. ರೇಡಿಯೇಟರುಗಳ ಉದ್ದವನ್ನು ಫ್ಯಾನಿನ ಅಳತೆಯ ಗುಣಿತದಲ್ಲಿ ಹೇಳುತ್ತಾರೆ: 120 ಮಿಲಿಮೀಟರಿನ ಫ್ಯಾನಿಗೆ 240, 360, 480, 140 ಮಿಲಿಮೀಟರಿನದಕ್ಕೆ 280, 420. ಇವತ್ತು ಒಂದು ಫುಲ್ ಟವರಿನ ಶಕ್ತಿಯನ್ನು ಅಳೆಯುವವರು ಎಷ್ಟು ಡಿಸ್ಕ್ ಹಿಡಿಯುತ್ತದೆ ಎಂದು ಕೇಳುವುದು ಕಡಿಮೆ, ಯಾವ ಉದ್ದದ ರೇಡಿಯೇಟರ್ ಎಲ್ಲಿ ಕೂರುತ್ತದೆ ಎಂದು ಕೇಳುವುದೇ ಹೆಚ್ಚು.

ಈ ಅವಧಿಯಲ್ಲಿ ಗಾತ್ರ ತನ್ನ ತುದಿ ಮುಟ್ಟಿತು. ಕೂಲರ್ ಮಾಸ್ಟರ್ 2012ರಲ್ಲಿ ತಂದ ಕಾಸ್ಮಾಸ್ 2ರ ಎತ್ತರ 70 ಸೆಂಟಿಮೀಟರ್, ಆಳ 66, ಅಗಲ 34. ಖಾಲಿ ಪೆಟ್ಟಿಗೆಯ ತೂಕವೇ 22 ಕಿಲೋ. ಕೋರ್ಸೇರ್‌ನ 2018ರ ಅಬ್ಸಿಡಿಯನ್ 1000ಡಿ ಸುಮಾರು 29 ಕಿಲೋ ತೂಗುತ್ತದೆ. ಅದರ ಮುಂಭಾಗದಲ್ಲಿ 480 ಮಿಲಿಮೀಟರಿನ ಎರಡು ರೇಡಿಯೇಟರುಗಳು ಪಕ್ಕಪಕ್ಕ ನಿಲ್ಲುತ್ತವೆ. ಒಂದು ಇ-ಎಟಿಎಕ್ಸ್ ಮತ್ತು ಒಂದು ಪುಟ್ಟ ಮಿನಿ-ಐಟಿಎಕ್ಸ್ ಮದರ್‌ಬೋರ್ಡನ್ನು ಒಟ್ಟಿಗೆ ಕೂರಿಸಿ, ಒಂದೇ ಪೆಟ್ಟಿಗೆಯಲ್ಲಿ ಎರಡು ಪೂರ್ಣ ಕಂಪ್ಯೂಟರ್ ಇಡಬಹುದು. ಒಟ್ಟು ಗಾತ್ರ ಸುಮಾರು 148 ಲೀಟರ್.

ಗ್ರಾಫಿಕ್ಸ್ ಕಾರ್ಡುಗಳೂ ಬೆಳೆದವು. 2022ರ ಅಕ್ಟೋಬರ್‌ನಲ್ಲಿ ಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 4090 ಕಾರ್ಡ್ 304 ಮಿಲಿಮೀಟರ್ ಉದ್ದ, ಮೂರು ಸ್ಲಾಟ್ ದಪ್ಪ. ಬಳಸುವ ವಿದ್ಯುತ್ 450 ವ್ಯಾಟ್. ಅಡ್ಡಲಾಗಿ ಚಾಚಿದ ಇಂಥ ಭಾರ ತನ್ನ ತೂಕಕ್ಕೇ ಬಾಗುತ್ತದೆ. ಹಾಗಾಗಿ ಕಾರ್ಡಿಗೆ ಕೆಳಗಿನಿಂದ ಆನಿಕೆ ಕೊಡುವ ಕಂಬ ಈಗ ದೊಡ್ಡ ಕ್ಯಾಬಿನೆಟ್‌ಗಳಲ್ಲಿ ಸಾಮಾನ್ಯ. ಎರಡು ಮೂರು ಕಾರ್ಡ್ ಹಾಕುವ ಸಂಶೋಧಕರಿಗೆ 7 ಸ್ಲಾಟಿನ ಪೆಟ್ಟಿಗೆ ಸಾಲದು. ಕೊನೆಯ ಸ್ಲಾಟಿನಲ್ಲಿ ಕೂತ ದಪ್ಪ ಕಾರ್ಡಿಗೆ ಬೋರ್ಡಿನಿಂದ ಕೆಳಗೂ ಜಾಗ ಬೇಕು. ಹಾಗಾಗಿ ಇಂದಿನ ಫುಲ್ ಟವರುಗಳಲ್ಲಿ ಹಿಂಬದಿಯ ಸ್ಲಾಟ್ ಕಂಡಿಗಳು 8ರಿಂದ 10ರವರೆಗೆ ಇರುತ್ತವೆ.

2016ರಿಂದ ಈಚೆಗೆ ಪಕ್ಕದ ತಗಡಿನ ಬದಲು ಗಟ್ಟಿಗೊಳಿಸಿದ ಗಾಜು ಬಂತು. ಹವ್ಯಾಸಿಗಳು ಹಿಂದೆ ತಮ್ಮ ಕೈಯಾರೆ ತಗಡು ಕೊರೆದು ಅಕ್ರಿಲಿಕ್ ಕಿಟಕಿ ಕೂರಿಸುತ್ತಿದ್ದುದನ್ನು ಕಾರ್ಖಾನೆಗಳು ಹೀಗೆ ತಮ್ಮದಾಗಿಸಿಕೊಂಡವು. ನೋಟಕ್ಕೆ ಇದು ಚೆನ್ನ. ಆದರೆ ಮುಂಭಾಗಕ್ಕೂ ಗಾಜು ಹಾಕಿದ ಕ್ಯಾಬಿನೆಟ್‌ಗಳಲ್ಲಿ ಗಾಳಿಗೆ ದಾರಿ ಕಟ್ಟಿಹೋಯಿತು. ಬಳಕೆದಾರರೂ ವಿಮರ್ಶಕರೂ ಈ ದೋಷವನ್ನು ಪಟ್ಟುಹಿಡಿದು ಎತ್ತಿ ತೋರಿಸಿದ ಮೇಲೆ ತಯಾರಕರು ಜಾಲರಿ ಮುಖಕ್ಕೆ ಮರಳಿದರು.

ಭಾರತದ ಬಿಸಿಲು ಮತ್ತು ದೂಳು

ಭಾರತದಲ್ಲಿ 1984ರ ನವೆಂಬರ್‌ನಲ್ಲಿ ಬಂದ ಕಂಪ್ಯೂಟರ್ ನೀತಿ ಬಿಡಿಭಾಗಗಳ ಆಮದನ್ನು ಸಡಿಲಗೊಳಿಸಿದ ಮೇಲೆ ಜೋಡಿಸಿದ ಕಂಪ್ಯೂಟರುಗಳ ಮಾರುಕಟ್ಟೆ ಬೆಳೆಯಿತು. ಕರ್ನಾಟಕದಲ್ಲಿ ಅದರ ಹೆಸರಾಂತ ನೆಲೆ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್‌ಪಿ ರೋಡ್. ಇಲ್ಲಿ ಬಹುಕಾಲ ಕ್ಯಾಬಿನೆಟ್ ಕೊಂಡರೆ ಎಸ್‌ಎಂಪಿಎಸ್ ಅದರ ಜೊತೆಗೇ ಬರುತ್ತಿತ್ತು. ಎಸ್‌ಎಂಪಿಎಸ್ಸಿನ ಹಿಂಬದಿಯಲ್ಲಿ 115 ಮತ್ತು 230 ವೋಲ್ಟಿನ ನಡುವೆ ಸರಿಸುವ ಕೆಂಪು ಸ್ವಿಚ್ ಇರುತ್ತಿತ್ತು. ಅದನ್ನು 115ಕ್ಕೆ ಬಿಟ್ಟು ನಮ್ಮ 230 ವೋಲ್ಟಿಗೆ ಹಾಕಿದರೆ ಸಿಡಿದುಹೋಗುತ್ತಿತ್ತು. ಮನೆಗಳಿಗೆ ಹೋಗುತ್ತಿದ್ದವು ಹೆಚ್ಚಾಗಿ ಮಿನಿ ಮತ್ತು ಮಿಡ್ ಟವರ್‌ಗಳು. ಫುಲ್ ಟವರ್ ಕಚೇರಿಯ ಸರ್ವರಿಗೆ ಮೀಸಲಾಗಿತ್ತು. ಇಂದು ಅನಿಮೇಷನ್, ವಿಡಿಯೋ ಸಂಕಲನ, ಯಂತ್ರಕಲಿಕೆಯ ಕೆಲಸ ಮಾಡುವವರು ಅದನ್ನು ಕೊಳ್ಳುತ್ತಾರೆ.

ಇಲ್ಲಿನ ಹವೆಗೆ ವಿನ್ಯಾಸದ ಲೆಕ್ಕ ಬೇರೆಯಾಗುತ್ತದೆ. ಯಾವ ಫ್ಯಾನೂ ಕೋಣೆಯ ಗಾಳಿಗಿಂತ ತಣ್ಣನೆಯ ಗಾಳಿಯನ್ನು ಒಳಗೆ ತರಲಾರದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಹೊರಗಿನ ಉಷ್ಣತೆ 40 ಡಿಗ್ರಿ ದಾಟುತ್ತದೆ. ಕೋಣೆ 38 ಡಿಗ್ರಿ ಇದ್ದರೆ, ಹತ್ತು ಡಿಗ್ರಿಯ ಏರಿಕೆಯ ನಂತರ ಹೊರಬೀಳುವ ಗಾಳಿ 48 ಡಿಗ್ರಿ. ಚಳಿದೇಶದ 20 ಡಿಗ್ರಿಯ ಕೋಣೆಯಲ್ಲಿ ಪರೀಕ್ಷಿಸಿ ಬರೆದ ಅಂಕಿಗಳು ಇಲ್ಲಿಗೆ ಹಾಗೇ ಹೊಂದುವುದಿಲ್ಲ. ಅದರ ಮೇಲೆ ದೂಳು ಬೇರೆ. ನೆಲದ ಮೇಲೆ ನಿಲ್ಲುವ ಪೆಟ್ಟಿಗೆ ಮೇಜಿನ ಮೇಲಿನದಕ್ಕಿಂತ ಹೆಚ್ಚು ದೂಳನ್ನು ಎಳೆಯುತ್ತದೆ. ತಳದಲ್ಲಿ ಕೂತ ಎಸ್‌ಎಂಪಿಎಸ್ ನೆಲದ ಗಾಳಿಯನ್ನೇ ಹೀರುತ್ತದೆ. ಹೀಗಾಗಿ ತೊಳೆಯಬಹುದಾದ ಜಾಲರಿ, ಎತ್ತರದ ಪಾದಗಳು, ತೆರೆದ ಮುಖ ಈ ಮೂರೂ ಇಲ್ಲಿ ಅಲಂಕಾರದ ದೀಪಗಳಿಗಿಂತ ಮುಖ್ಯ.

ಫುಲ್ ಟವರ್ ಯಾರಿಗೆ

ಫುಲ್ ಟವರ್ ಬೇಕಾಗುವ ಸಂದರ್ಭಗಳು ಈಗ ನಾಲ್ಕೇ: ಇ-ಎಟಿಎಕ್ಸ್ ಅಥವಾ ಅದಕ್ಕೂ ದೊಡ್ಡ ಮದರ್‌ಬೋರ್ಡ್, ಒಂದಕ್ಕಿಂತ ಹೆಚ್ಚು ದಪ್ಪ ಗ್ರಾಫಿಕ್ಸ್ ಕಾರ್ಡ್, ಎಂಟು ಹತ್ತು ಹಾರ್ಡ್ ಡಿಸ್ಕ್ ಕೂಡಿಸಿದ ಸಂಗ್ರಹ, ಎರಡು ಅಥವಾ ಮೂರು ರೇಡಿಯೇಟರಿನ ನೀರಿನ ವ್ಯವಸ್ಥೆ. ಇವುಗಳಲ್ಲಿ ಒಂದೂ ಇಲ್ಲದಿದ್ದರೆ ಗಾಳಿ ಚೆನ್ನಾಗಿ ಆಡುವ ಮಿಡ್ ಟವರ್ ಸಾಕು. ಖಾಲಿ ಜಾಗದಿಂದಲೇ ಯಂತ್ರ ತಣ್ಣಗಾಗುವುದಿಲ್ಲ. ಫ್ಯಾನುಗಳು ಸರಿಯಾಗಿ ಇಲ್ಲದ ದೊಡ್ಡ ಪೆಟ್ಟಿಗೆಯಲ್ಲಿ ಬಿಸಿ ಗಾಳಿ ಮೂಲೆಗಳಲ್ಲಿ ನಿಂತುಬಿಡುತ್ತದೆ.

ಈ ಚರಿತ್ರೆಯಲ್ಲಿ ಹೆಚ್ಚು ಬಾಳಿದ್ದು ಯಾವುದೇ ಒಂದು ಮಾದರಿಯಲ್ಲ, 1995ರ ಮಾನಕ. ಆಗ ನಿಗದಿಯಾದ ಸ್ಕ್ರೂ ತೂತುಗಳಿಗೆ ಇವತ್ತಿನ ಎಟಿಎಕ್ಸ್ ಮದರ್‌ಬೋರ್ಡ್ ಈಗಲೂ ಕೂರುತ್ತದೆ. ಪ್ರೊಸೆಸರ್ ನಾಲ್ಕೈದು ವರ್ಷಕ್ಕೆ ಹಳತಾಗುತ್ತದೆ, ಗ್ರಾಫಿಕ್ಸ್ ಕಾರ್ಡ್ ಅದಕ್ಕೂ ಬೇಗ. ಒಳ್ಳೆಯ ಉಕ್ಕಿನ ಕ್ಯಾಬಿನೆಟ್ ಮೂರು ನಾಲ್ಕು ಪೀಳಿಗೆಯ ಭಾಗಗಳನ್ನು ಹೊರಬಲ್ಲದು. ಆದ್ದರಿಂದ ಹಳೆಯ ಫುಲ್ ಟವರ್ ಇರುವವರು ಅದನ್ನು ಗುಜರಿಗೆ ಹಾಕುವ ಮೊದಲು ಫ್ಯಾನುಗಳನ್ನೂ ಜಾಲರಿಗಳನ್ನೂ ಬದಲಿಸಿ ನೋಡಬೇಕು. ಹೊಸದನ್ನು ಕೊಳ್ಳುವವರು ಗಾಜು, ದೀಪಗಳಿಗೆ ಮೊದಲು ಗಾಳಿಯ ದಾರಿಯನ್ನೂ ತಗಡಿನ ದಪ್ಪವನ್ನೂ ಮಾನಕದ ಅಳತೆಗಳನ್ನೂ ಪರೀಕ್ಷಿಸಬೇಕು.